ಮೊಲೊಕಾಯಿಯ ಡೇಮಿಯನ್ ಪಾದ್ರಿಗಳು

ಕುಷ್ಠರೋಗವು ವಾಸಿಯಾದ ಕಥೆಗಳು ನಮ್ಮ ನಾಡಿನಲ್ಲಿ ಹಲವುಂಟು. ಶ್ರೀಕೃಷ್ಣನ ಮಗನಾದ ಸಾಂಬನು ಶಾಪದಿಂದ ಕುಷ್ಠಿಯಾಗಿ, ಸೂರ್ಯನನ್ನು ಆರಾಧಿಸಿ ಗುಣಹೊಂದಿದನೆಂದು ಪುರಾಣವು ಹೇಳುತ್ತದೆ. ಮಯೂರಕವಿಯು ಸೂರ್ಯಶತಕವನ್ನು ರಚಿಸಿ ಇದೇ ರೋಗವನ್ನು ನೀಗಿಕೊಂಡನೆಂದು ಪ್ರತೀತಿ. ಯಶೋಧರ ಚರಿತವನ್ನು ಸಂಸ್ಕೃತದಲ್ಲಿ ಬರೆದ ಜೈನಾಚಾರ್ಯ ವಾದಿರಾಜರ ಕುಷ್ಠವು ಏಕೀಭಾವ ಸ್ತೋತ್ರದ ಮಹಿಮೆಯಿಂದ ಮಾಯವಾಯಿತೆಂದು ಆ ಮತದವರು ನಂಬುತ್ತಾರೆ. ಕ್ರೈಸ್ತರ ಧರ್ಮಗ್ರಂಥದಲ್ಲಿಯೂ ಇಂತಹ ಸಂಗತಿಗಳಿಗೆ ಕೊರತೆಯಿಲ್ಲ. ನಾಮಾನನೆಂಬ ಸೇನಾಪತಿಯು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿ ಎಳೆಯ ಮಗುವಿನಂತಹ ಚರ್ಮವನ್ನು ಪಡೆದನು. ಯೇಸುವು ಹತ್ತು ಮಂದಿ ಕುಷ್ಠರೋಗಿಗಳನ್ನು ಶುದ್ಧಮಾಡಲು, ಅವರಲ್ಲಿ ಒಬ್ಬನು ಮಾತ್ರ ಹಿಂದಿರುಗಿ ಬಂದು ಕೃತಜ್ಞತೆಯನ್ನು ಹೇಳಿದನು.

ಇವೆಲ್ಲವೂ ಭಕ್ತಿಗೆ ದೇಹಾರೋಗ್ಯವೇ ಫಲವಾಗಿ ದೊರೆತ ಕಥೆಗಳು. ಈ ಹೊತ್ತು ನಾವು ಹೇಳಲಿರುವ ಮನುಷ್ಯರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಭಕ್ತಿಯು ಕಡಮೆಯದಾಗಿರಲಿಲ್ಲ. ಪ್ರಾರ್ಥನೆಯು ಒಂದು ದಿನವೂ ತಪ್ಪಿದುದಿಲ್ಲ. ಆದರೂ ರೋಗವು ಹೆಜ್ಜೆ ಹೆಜ್ಜೆಯಾಗಿ ಮೇಲೇರಿ ಅವರನ್ನು ತಿಂದುಬಿಟ್ಟಿತು. ವಾಸಿಯಾಗದ ರೋಗದಲ್ಲಿ ನಂಬಿಕೆಯು ಮಾಡುವ ಕೆಲಸವಾದರೂ ಏನು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಅವರ ಹುಟ್ಟು ಹೆಸರು ಜೋಸೆಫ್ ಡ ವ್ಯೂಸ್ಟರ್. ಬೆಲ್ಜಿಯಂ ದೇಶದ ಟ್ರೆಮೆಲೋ ಎಂಬ ಹಳ್ಳಿಯಲ್ಲಿ, ಬೇಸಾಯ ಮತ್ತು ಧಾನ್ಯವ್ಯಾಪಾರಗಳನ್ನು ನಡೆಸುತ್ತಿದ್ದ ಒಂದು ಮನೆತನದಲ್ಲಿ, 1840ನೆಯ ಇಸವಿ ಜನವರಿ 3ರಂದು ಜನನ. ಅಣ್ಣನಾದ ಪಾಂಫೀಲನು ಯೇಸು ಮತ್ತು ಮರಿಯರ ಪವಿತ್ರಹೃದಯಗಳ ಸಂಘವನ್ನು ಸೇರಿ ಸಂನ್ಯಾಸಿಯಾಗಿದ್ದನು. ತಮ್ಮನೂ ಅವನ ಹಿಂದೆಯೇ ಹೋಗಿ ಡೇಮಿಯನ್ ಎಂಬ ಹೆಸರನ್ನು ತಾಳಿದನು. 1863ರಲ್ಲಿ ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದವನು ಅಣ್ಣ. ಹೊರಡುವ ಸಮಯಕ್ಕೆ ಅವನು ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದಾಗ ವಿಷಮಜ್ವರ ತಗುಲಿ ಹಾಸಿಗೆ ಹಿಡಿದನು. ಇನ್ನೂ ವಿದ್ಯಾರ್ಥಿಯಾಗಿದ್ದ ತಮ್ಮನು ಸ್ಥಳದಲ್ಲಿದ್ದ ಗುರುಗಳನ್ನು ಕೇಳದೆ, ನೆಟ್ಟಗೆ ಪ್ಯಾರಿಸ್ಸಿನಲ್ಲಿದ್ದ ಸಂಘದ ಅಧ್ಯಕ್ಷರಿಗೇ ಪತ್ರ ಬರೆದು, ಅಣ್ಣನ ಬದಲು ತನ್ನನ್ನು ಕಳುಹಿಸಬೇಕೆಂದು ಬೇಡಿ ಒಪ್ಪಿಗೆ ಪಡೆದನು. ಮೇಲಿನವರನ್ನು ಲೆಕ್ಕಿಸದೆ ಮುನ್ನುಗ್ಗುವ ಈ ಸ್ವಭಾವವು ಕಡೆಯವರೆಗೂ ಅವರನ್ನು ಬಿಡಲಿಲ್ಲ. ಅದರಿಂದ ಅವರಿಗೆ ಒದಗಿದ ತೊಂದರೆಯೂ ಅಷ್ಟಿಷ್ಟಲ್ಲ.

1864ರ ಮಾರ್ಚಿಯಲ್ಲಿ ಹಡಗು ಹೊನೊಲುಲುವನ್ನು ಮುಟ್ಟಿತು. ಮೇ ತಿಂಗಳಿನಲ್ಲಿ ಅವರಿಗೆ ಪಾದ್ರಿದೀಕ್ಷೆಯಾಯಿತು. ಅಲ್ಲಿಂದ ಮುಂದೆ ಒಂಬತ್ತು ವರ್ಷ ಜ್ವಾಲಾಮುಖಿಗಳಿಂದ ಕೂಡಿದ ದೊಡ್ಡ ದ್ವೀಪದಲ್ಲಿ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಸಂಚರಿಸುತ್ತ, ಸ್ವಂತ ಕೈಯಿಂದ ದೇವಾಲಯಗಳನ್ನು ಕಟ್ಟುತ್ತ, ಆ ಜನರ ಭಾಷೆಯನ್ನು ಕಲಿತರು. ಅವರು ಪಂಡಿತರಲ್ಲ, ಗಟ್ಟಿಮುಟ್ಟಾದ ದೇಹದ, ಬಡಗಿಯ ಕೆಲಸದಲ್ಲಿ ನುರಿತ ಒಬ್ಬ ರೈತನ ಮಗ.

ಆಗ ಹವಾಯಿ ಸ್ವತಂತ್ರ ರಾಜ್ಯವಾಗಿದ್ದಿತು. ಹೊರಗಿನಿಂದ ಹಡಗುಗಳೊಡನೆ ಬಂದ ಸಿಡುಬು, ದಡಾರ ಮೊದಲಾದ ಬೇನೆಗಳಿಂದ ಅಲ್ಲಿನ ಮೂಲನಿವಾಸಿಗಳು ಸಾವಿರಗಟ್ಟಲೆಯಾಗಿ ಅಳಿದಿದ್ದರು. ಅವುಗಳ ಹಿಂದೆ ಕುಷ್ಠವೂ ಬಂದಿತು. 1865ರಲ್ಲಿ ರಾಜ್ಯವು ಒಂದು ಕಾಯಿದೆಯನ್ನು ಮಾಡಿ, ರೋಗಿಗಳೆಂದು ಕಂಡುಬಂದವರನ್ನು ಹಿಡಿದು ಬೇರೆ ಇಡಬೇಕೆಂದು ವಿಧಿಸಿತು. ಇದಕ್ಕೆ ಆರಿಸಿದ ಸ್ಥಳವು ಮೊಲೊಕಾಯಿ ದ್ವೀಪದ ಉತ್ತರತೀರದಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಒಂದು ನೆಲದ ನಾಲಿಗೆ. ಮೂರು ಕಡೆ ಅಲೆಗಳು ಬಡಿಯುತ್ತಿರುವ ಸಾಗರ. ನಾಲ್ಕನೆಯ ಕಡೆ ಗೋಡೆಯಂತೆ ನಿಂತ, ಸುಮಾರು ಎರಡು ಸಾವಿರ ಅಡಿ ಎತ್ತರದ ಬಂಡೆಯ ಸಾಲು. 1866ರ ಜನವರಿಯಲ್ಲಿ ಮೊದಲನೆಯ ರೋಗಿಗಳನ್ನು ಅಲ್ಲಿ ಇಳಿಸಿದರು. ಕಾಯಿದೆಯು 1969ರವರೆಗೆ ಉಳಿದಿದ್ದಿತು. ಅಷ್ಟರೊಳಗೆ ಅಲ್ಲಿಗೆ ಸಾಗಿಸಲ್ಪಟ್ಟವರು ಹೆಚ್ಚು ಕಡಮೆ ಎಂಟು ಸಾವಿರ ಮಂದಿ. ಗಂಡನನ್ನು ಹೆಂಡತಿಯಿಂದ, ಮಗುವನ್ನು ತಾಯಿಯಿಂದ ಬೇರ್ಪಡಿಸಿದ ಈ ಬೇನೆಗೆ ಹವಾಯಿಯರು ‘ಅಗಲಿಸುವ ರೋಗ’ವೆಂದೇ ಹೆಸರಿಟ್ಟರು.

ಡೇಮಿಯನ್ನರ ಚರಿತ್ರೆಯನ್ನು ಬರೆದವರಲ್ಲಿ ಹಲವರು, ಅವರು ಬರುವುದಕ್ಕೆ ಮುಂಚೆ ಆ ಸ್ಥಳದಲ್ಲಿ ದೇವರೂ ಇರಲಿಲ್ಲ, ಧರ್ಮವೂ ಇರಲಿಲ್ಲ ಎಂಬಂತೆ ಚಿತ್ರಿಸುವುದುಂಟು. ನಾಯಕನನ್ನು ಎತ್ತರಿಸುವುದಕ್ಕಾಗಿ ಉಳಿದವರನ್ನು ತಗ್ಗಿಸುವ ಈ ಪದ್ಧತಿಯು ನಮಗೆ ಒಪ್ಪಿಗೆಯಿಲ್ಲ; ಇಲ್ಲಿ ಅದು ಸತ್ಯವೂ ಅಲ್ಲ. ರೋಗಿಗಳು ಬಂದಿಳಿದ ಮೊದಲನೆಯ ವರ್ಷದಲ್ಲಿಯೇ, ಎಂದರೆ 1866ರ ಡಿಸೆಂಬರಿನಲ್ಲಿ, ಪ್ರಾಟೆಸ್ಟೆಂಟ್ ಮತದ 35 ಮಂದಿ ರೋಗಿಗಳು ತಾವಾಗಿಯೇ ಒಂದು ಸಭೆಯನ್ನು ಸ್ಥಾಪಿಸಿಕೊಂಡು, ಬೈಬಲಿನ ಸಿಲೋವ ಕೊಳದ ನೆನಪಿಗಾಗಿ ಅದಕ್ಕೆ ಸಿಲೋವಾಮ ಎಂದು ಹೆಸರಿಟ್ಟರು. ಯಾವ ಪಾದ್ರಿಯೂ ಅವರನ್ನು ಕೂಡಿಸಲಿಲ್ಲ. ಬೇನೆಯಲ್ಲಿ ಬಿದ್ದವರೇ ಬೇನೆಯಲ್ಲಿ ಬಿದ್ದವರನ್ನು ಕೂಡಿಸಿದರು. ಜಾನಥನ್ ನಾಪೇಲ ಎಂಬ ಇನ್ನೊಬ್ಬ ಹವಾಯಿಯನು ಮಾರ್ಮನ್ ಪಂಥಕ್ಕೆ ಸೇರಿದವನು, ಪ್ರತಿಷ್ಠಿತ ಮನೆತನದವನು, ನ್ಯಾಯಾಧಿಪತಿಯಾಗಿದ್ದವನು. ಅವನ ಹೆಂಡತಿಗೆ ಕುಷ್ಠವೆಂದು ಗೊತ್ತಾದಾಗ, ರೋಗವಿಲ್ಲದ ಅವನು 1873ರಲ್ಲಿ ಆಕೆಯೊಡನೆ ತಾನೂ ಮೊಲೊಕಾಯಿಗೆ ಹೋದನು. ಹೀಗೆ ನೆರವಿಗಾಗಿ ಜತೆಯಲ್ಲಿ ಹೋದವರನ್ನು ಅಲ್ಲಿನ ಭಾಷೆಯಲ್ಲಿ ‘ಕೋಕುವಾ’ ಎನ್ನುತ್ತಾರೆ. ಕಡೆಗೆ ನಾಪೇಲನಿಗೂ ರೋಗ ತಗುಲಿ, 1879ರಲ್ಲಿ, ಹೆಂಡತಿಗಿಂತ ಮೊದಲೇ ತೀರಿಕೊಂಡನು. ಅವನೂ ಡೇಮಿಯನ್ನರೂ ಸ್ನೇಹಿತರಾಗಿದ್ದರು. ಒಬ್ಬರ ಮತವು ಇನ್ನೊಬ್ಬರಿಗೆ ಭ್ರಾಂತಿಯೆಂದೇ ತೋರುತ್ತಿದ್ದಿರಬೇಕು. ಆದರೆ ಆ ಬಂಡೆಗೋಡೆಯ ಬುಡದಲ್ಲಿ ಅದನ್ನು ವಿಚಾರಿಸಲು ಅವರಿಗೆ ಬಿಡುವು ಸಾಲಲಿಲ್ಲವೆಂದು ತೋರುತ್ತದೆ.

1873ರ ಮೇ 10ರಂದು ಡೇಮಿಯನ್ನರು ಅಲ್ಲಿಗೆ ಬಂದಿಳಿದರು. ಆಗ ವಯಸ್ಸು 33. ನಾಲ್ವರು ಪಾದ್ರಿಗಳು ಸರದಿಯ ಮೇಲೆ ಕೆಲವು ಕಾಲ ಇದ್ದು ಬರಬೇಕೆಂಬುದು ಬಿಷಪ್ಪರ ಏರ್ಪಾಡಾಗಿದ್ದಿತು. ಮೊದಲ ಸರದಿಯವರು ಹಿಂದಿರುಗಲೇ ಇಲ್ಲ. ಮನೆಯಿಲ್ಲದ ಮೊದಲ ರಾತ್ರಿಗಳನ್ನು ಅವರು ಒಂದು ಕೇದಗೆಯ ಜಾತಿಯ ಮರದ ಕೆಳಗೆ ಕಳೆದರು. ತರುವಾಯದ ವರ್ಷಗಳ ಕೆಲಸವನ್ನು ವಿವರಿಸುತ್ತ ಹೋದರೆ ನಮ್ಮ ಕಾಲವೆಲ್ಲ ಅದಕ್ಕೇ ಸಂದೀತು. ಕಣಿವೆಯಿಂದ ಕೊಳವೆಗಳ ಮೂಲಕ ನೀರನ್ನು ತಂದರು, ಮನೆಗಳನ್ನು ಕಟ್ಟಿದರು, ತಬ್ಬಲಿ ಮಕ್ಕಳನ್ನು ಸಾಕಿದರು, ಹುಣ್ಣುಗಳನ್ನು ತೊಳೆದು ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಕೊಯ್ದು ಜೋಡಿಸಿದರು, ಗುಂಡಿಗಳನ್ನೂ ಅನೇಕ ಸಲ ತಾವೇ ತೋಡಿದರು. ಅವರ ಸಂತ ಫಿಲೊಮಿನಾ ದೇವಾಲಯದ ನೆಲಹಲಗೆಗಳಲ್ಲಿ ಚೌಕವಾದ ಸಣ್ಣ ತೂತುಗಳಿವೆ. ಬಾಯಲ್ಲಿ ಸದಾ ನೀರೂರುತ್ತಿದ್ದ ರೋಗಿಗಳು ಉಗುಳಲು ಹೊರಗೆ ಎದ್ದು ಹೋಗಬೇಕಾಗುತ್ತದೆಂದು ನಾಚಿ ಪೂಜೆಗೇ ಬರದೆ ಇರುತ್ತಿದ್ದರು. ಅವರು ಎಲೆಯ ಸುರುಳಿಯನ್ನು ತೂತಿಗೆ ಚಾಚಿ ಕುಳಿತಲ್ಲಿಯೇ ಉಗುಳಲೆಂದು ಪಾದ್ರಿಗಳು ಆ ತೂತುಗಳನ್ನು ಕೊರೆದರು. ದೇವಾಲಯದ ನೆಲಕ್ಕೆ ಉಗುಳುವ ತೂತನ್ನು ಕೊರೆಯುವುದು ದೇವರ ಮರ್ಯಾದೆಗೆ ಕುಂದೆಂದು ಅವರಿಗೆ ತೋರಲಿಲ್ಲ. ಅವರ ಗ್ರಂಥಜ್ಞಾನವನ್ನು ಹಳಿದವರಿಗೆ ಈ ಹಲಗೆಗಳನ್ನು ತೋರಿಸಿದರೆ ಸಾಕೆಂದು ನಮಗೆ ಅನ್ನಿಸುತ್ತದೆ.

ಬಂದ ವರ್ಷವೇ ಅಣ್ಣನಿಗೆ ಬರೆದ ಪತ್ರದಲ್ಲಿ ಅವರು ಒಂದು ವಿಷಯವನ್ನು ತಿಳಿಸಿದ್ದಾರೆ. ಉಪದೇಶಮಾಡುವಾಗ ತಾವು ‘ನನ್ನ ಸಹೋದರರೇ’ ಎಂದು ಸಂಬೋಧಿಸದೆ, ‘ಕುಷ್ಠರೋಗಿಗಳಾದ ನಾವು’ ಎಂದು ಹೇಳುವುದಾಗಿ ಅದರಲ್ಲಿದೆ. ಆಗ ಅವರಿಗೆ ರೋಗವಿರಲಿಲ್ಲ. ಈ ‘ನಾವು’ ಎಂಬ ಮಾತನ್ನು ಕುರಿತು ಸ್ವಲ್ಪ ನಿಲ್ಲೋಣ. ನಮ್ಮ ನೆರೆಯ ತೆಲುಗಿನಲ್ಲಿ ‘ಮನಮು’ ಎಂದೂ ‘ಮೇಮು’ ಎಂದೂ ಎರಡು ಉಂಟು; ತಮಿಳಿನಲ್ಲಿ ‘ನಾಮ್’ ಎಂದೂ ‘ನಾಂಗಳ್’ ಎಂದೂ ಎರಡುಂಟು. ಮೊದಲನೆಯದರಲ್ಲಿ ಕೇಳುವವನೂ ಸೇರುತ್ತಾನೆ. ಎರಡನೆಯದರಲ್ಲಿ ಅವನು ಹೊರಗುಳಿಯುತ್ತಾನೆ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಡೇಮಿಯನ್ನರು ಉಪದೇಶಮಾಡುತ್ತಿದ್ದ ಹವಾಯಿ ಭಾಷೆಯಲ್ಲಿಯೂ ತೆಲುಗು ತಮಿಳುಗಳಂತೆಯೇ ಎರಡು ‘ನಾವು’ಗಳಿವೆ. ಆ ಭಾಷೆಯಲ್ಲಿ ಮಾತನಾಡುವವನು ಪ್ರತಿಸಲವೂ, ಎದುರಿಗಿರುವವರನ್ನು ಒಳಗೆ ಸೇರಿಸಿಕೊಳ್ಳುವೆನೋ ಹೊರಗೆ ನಿಲ್ಲಿಸುವೆನೋ ಎಂಬುದನ್ನು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು. ಡೇಮಿಯನ್ನರ ತೀರ್ಮಾನವು ಹನ್ನೊಂದು ವರ್ಷ ಬರಿಯ ಮಾತಾಗಿದ್ದಿತು. ಹನ್ನೆರಡನೆಯ ವರ್ಷದಲ್ಲಿ ದೇಹವೂ ಅದನ್ನು ಒಪ್ಪಿಕೊಂಡಿತು.

ಆ ಮಧ್ಯದ ವರ್ಷಗಳ ಒಂಟಿತನವನ್ನು ತಿಳಿಯಲು ಒಂದು ಸಂಗತಿಯು ಸಾಕು. ಕಥೋಲಿಕ ಪಾದ್ರಿಯು ತನ್ನ ಪಾಪಗಳನ್ನು ಮತ್ತೊಬ್ಬ ಪಾದ್ರಿಯ ಮುಂದೆ ನಿವೇದಿಸಿಕೊಳ್ಳಬೇಕೆಂಬುದು ನಿಯಮ. 1873ರಲ್ಲಿಯೇ ಅವರ ಮೇಲಧಿಕಾರಿಯೊಬ್ಬರು ಹಡಗಿನಲ್ಲಿ ಬಂದಾಗ, ನೆಲಕ್ಕಿಳಿಯಲು ಅವರಿಗೆ ಅಪ್ಪಣೆಯಿರಲಿಲ್ಲ. ಡೇಮಿಯನ್ನರಿಗೆ ಹಡಗನ್ನು ಹತ್ತಲು ಅಪ್ಪಣೆಯಿರಲಿಲ್ಲ. ಆಗ ಡೇಮಿಯನ್ನರು ಸಣ್ಣ ದೋಣಿಯಲ್ಲಿ ನಿಂತು, ಮೇಲೆ ಹಡಗಿನ ಕಟಕಟೆಯ ಬಳಿಯಲ್ಲಿದ್ದ ಗುರುವಿಗೆ ಕೇಳುವಂತೆ, ತಮ್ಮ ಪಾಪನಿವೇದನೆಯನ್ನು ಫ್ರೆಂಚ್ ಭಾಷೆಯಲ್ಲಿ ಕೂಗಿ ಹೇಳಿದರು. ಗುಟ್ಟಾಗಿ ಪಿಸುಗುಟ್ಟಬೇಕಾದುದನ್ನು ಅಲೆಗಳ ಮೇಲೆ ಕೂಗಬೇಕಾಗಿ ಬಂದಿತು.

1884ರ ಕೊನೆಯಲ್ಲಿ ಒಂದು ದಿನ, ಕಾಲನ್ನು ನೆನೆಹಾಕಲೆಂದು ಬಿಸಿನೀರಿನಲ್ಲಿ ಇಟ್ಟರು. ಚರ್ಮವು ಬೊಬ್ಬೆಯೆದ್ದಿತು, ನೋವಾಗಲಿಲ್ಲ. ಎಡಗಾಲಿನ ನರದಲ್ಲಿ ಅದಕ್ಕೆ ಮೊದಲೇ ಬೇನೆ ಕಾಣಿಸಿಕೊಂಡು, ಆಮೇಲೆ ಸ್ಪರ್ಶಜ್ಞಾನವು ಹೋಗುತ್ತ ಬಂದಿದ್ದಿತು. ಆರ್ನಿಂಗ್ ಎಂಬ ಜರ್ಮನ್ ವೈದ್ಯನು ಪರೀಕ್ಷಿಸಿ ಇದು ಕುಷ್ಠವೇ ಎಂದು ಹೇಳಿದನು. ನಾರ್ವೆ ದೇಶದಲ್ಲಿ ಡಾಕ್ಟರ್ ಹ್ಯಾನ್ಸನ್ನನು ಈ ರೋಗದ ಸೂಕ್ಷ್ಮಜೀವಿಯನ್ನು ಕಂಡದ್ದು 1873ರಲ್ಲಿ, ಡೇಮಿಯನ್ನರು ಮೊಲೊಕಾಯಿಗೆ ಬಂದ ವರ್ಷವೇ. ಆದರೆ ಕಾರಣವನ್ನು ಕಂಡದ್ದಾಯಿತೇ ಹೊರತು ಔಷಧವು ಇನ್ನೂ ಬಹು ದೂರದಲ್ಲಿದ್ದಿತು.

ಇಲ್ಲಿಂದ ಮುಂದಿನ ನಾಲ್ಕು ವರ್ಷಗಳೇ ನಮ್ಮ ವಿಷಯದ ತಿರುಳು. ನಂಬಿಕೆಯುಳ್ಳವನು ರೋಗವನ್ನು ನಗುನಗುತ್ತ ಬರಮಾಡಿಕೊಳ್ಳುತ್ತಾನೆಂದು ಕೆಲವರು ತಿಳಿಯುವುದುಂಟು. ಡೇಮಿಯನ್ನರು ಹಾಗೆ ಮಾಡಲಿಲ್ಲ. ವೈದ್ಯವನ್ನೂ ತಿರಸ್ಕರಿಸಲಿಲ್ಲ. ಗೋಟೊ ಎಂಬ ಜಪಾನೀ ವೈದ್ಯನು ಹೊನೊಲುಲುವಿನಲ್ಲಿ ಮೂಲಿಕೆಗಳ ಬಿಸಿನೀರಿನ ಸ್ನಾನಗಳಿಂದ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದನು. ಮೇಲಧಿಕಾರಿಗಳು ಬೇಡವೆಂದರೂ 1886ರ ಜುಲೈಯಲ್ಲಿ ಅವರು ಅಲ್ಲಿಗೆ ಹೋಗಿ ಸ್ನಾನಗಳನ್ನು ಪಡೆದು, ಕೊಂಚ ಉಪಶಮನವಾದುದನ್ನು ಕಂಡು, ಹಿಂದಿರುಗಿದ ಮೇಲೆ ತಮ್ಮ ರೋಗಿಗಳಿಗೂ ಅಂತಹ ಸ್ನಾನಗೃಹವನ್ನು ಕಟ್ಟಲು ತೊಡಗಿದರು. ಅವರಿಗೆ ವಿಷಾದವೂ ಬಂದಿತು. ಕಪ್ಪು ಯೋಚನೆಗಳು ತಮ್ಮನ್ನು ಮುತ್ತುತ್ತವೆಂದೂ, ತಾವು ಸ್ವರ್ಗಕ್ಕೆ ಯೋಗ್ಯರಲ್ಲವೆಂಬ ಭಯವು ತಮ್ಮನ್ನು ಪೀಡಿಸುತ್ತದೆಂದೂ ಅವರೇ ಹೇಳಿಕೊಂಡಿದ್ದಾರೆ. ಮಗನ ರೋಗದ ವರ್ತಮಾನವು ವೃತ್ತಪತ್ರಿಕೆಗಳ ಮೂಲಕ ಬೆಲ್ಜಿಯಮ್ಮಿನಲ್ಲಿದ್ದ ಮುದಿ ತಾಯಿಗೆ ಮುಟ್ಟಿತು. 1886ರಲ್ಲಿ ಆಕೆಯು ಕಾಲವಾದಳು. ಕೀರ್ತಿಯು ಲೋಕದಲ್ಲೆಲ್ಲ ಹಬ್ಬಿದಂತೆ, ಸಂಘದ ಹಿರಿಯರಿಗೆ ಇವರ ಮೇಲೆ ಅಸಮಾಧಾನವು ಹೆಚ್ಚಿತು. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಯಾದ ಚಾಪ್ಮನ್ನನು ಜನರಿಂದ ಹಣವೆತ್ತಿ ಕಳುಹಿಸಿದಾಗ, ಆ ಹಣವೂ ಅವರ ಪಾಲಿಗೆ ಮೇಲಧಿಕಾರಿಗಳೊಡನೆ ಮನಸ್ತಾಪಕ್ಕೆ ಕಾರಣವಾಯಿತು.

ಹಾಗಾದರೆ ನಂಬಿಕೆಯು ಮಾಡಿದ ಕೆಲಸವೇನು? ನಮಗೆ ಕಂಡಂತೆ ಹೇಳುತ್ತೇವೆ. ಅದು ಅವರಿಗೆ ಉತ್ಸಾಹವನ್ನು ಕೊಡಲಿಲ್ಲ, ದಿನಚರಿಯನ್ನು ಕೊಟ್ಟಿತು. ಬೆಳಗಿನ ಪ್ರಾರ್ಥನೆ, ಪೂಜೆ, ರೋಗಿಗಳ ಮನೆಗಳ ಸುತ್ತಾಟ, ಮರಗೆಲಸ, ಜಪಮಾಲೆ, ರಾತ್ರಿ ಸಮಾಧಿಗಳ ನಡುವೆ ಒಂಟಿಯಾಗಿ ನಡೆದಾಡುತ್ತ ಮಾಡುವ ಧ್ಯಾನ. ದೇವಾಲಯದ ಸಂಪುಟದಲ್ಲಿ ಕ್ರಿಸ್ತನು ಸದಾ ತಮ್ಮ ಸಮೀಪದಲ್ಲಿರುವನೆಂಬ ಅರಿವಿಲ್ಲದಿದ್ದರೆ ಇಲ್ಲಿ ಬಾಳುವುದು ತಮ್ಮಿಂದ ಆಗುತ್ತಿರಲಿಲ್ಲವೆಂದು ಅವರು ಪತ್ರಗಳಲ್ಲಿ ಬರೆದರು. ಇದನ್ನು ಬೇರೆ ಮತದವರು ನಂಬಬೇಕಾಗಿಲ್ಲ. ಆದರೆ ಇದು ಹೇಗೆ ನಡೆಯಿತೆಂಬುದು ಯಾರಿಗೂ ತಿಳಿಯುವ ವಿಷಯ. ಮನಸ್ಸು ಒಪ್ಪದ ದಿನವೂ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದ ಮೇಲೆ ಏಳಲೇಬೇಕು. ವಿಷಾದವು ಎದೆಯಲ್ಲಿ ಕುಳಿತಿದ್ದರೂ ಕೈಯು ಕೆಲಸವನ್ನು ಮಾಡುತ್ತಿತ್ತು. ನಮ್ಮ ಹಿರಿಯರು ನಿತ್ಯಕರ್ಮವೆಂದು ಕರೆದುದರ ಬೆಲೆಯನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು. ಕುಷ್ಠವು ಕಿವಿ ಮೂಗುಗಳನ್ನು ಊದಿಸಿ, ಕಣ್ಣನ್ನು ಮಂಕುಮಾಡಿ, ಬೆರಳುಗಳನ್ನು ಹಿಡಿದಾಗಲೂ ಅವರು ಮಾಡಿನ ಮೇಲೆ ಹತ್ತಿ ಹಲಗೆಗಳನ್ನು ಹೊಡೆಯುತ್ತಿದ್ದರು. ದ್ವೀಪವನ್ನು ಬಿಟ್ಟು ಹೋದರೆ ವಾಸಿಯಾಗುವುದೆಂದರೂ ತಮಗೆ ಆ ವಾಸಿಯು ಬೇಡವೆಂದು ಅವರು ಸ್ನೇಹಿತರಿಗೆ ಹೇಳಿದರು.

1888ರ ಡಿಸೆಂಬರಿನಲ್ಲಿ ಎಡ್ವರ್ಡ್ ಕ್ಲಿಫರ್ಡ್ ಎಂಬ ಆಂಗ್ಲ ಚಿತ್ರಗಾರನು ಅವರನ್ನು ನೋಡಲು ಬಂದನು. ಅವನು ತಂದ ಕಾಣಿಕೆಗಳಲ್ಲಿ ಗರ್ಜನ ಎಣ್ಣೆಯೂ ಇದ್ದಿತು. ಅಂಡಮಾನ್ ದ್ವೀಪಗಳಲ್ಲಿ ಡಾಕ್ಟರ್ ಡೂಗಲ್ಲನು ಕುಷ್ಠಿಗಳಾದ ಕೈದಿಗಳ ಮೇಲೆ ಪ್ರಯೋಗಿಸಿ ಹೆಸರಾಗಿದ್ದ ಮರದೆಣ್ಣೆಯಿದು. ಹೀಗೆ ನಮ್ಮ ಕಡಲಿನ ಒಂದು ಔಷಧವು ಅರ್ಧ ಭೂಮಿಯನ್ನು ದಾಟಿ ಅವರ ಕೈಸೇರಿತು. ಅದನ್ನು ಹಚ್ಚಿಕೊಂಡು ಸ್ವಲ್ಪ ಸುಖವಾಯಿತೆಂದರು, ಕಾಲವು ಮಿಂಚಿದ್ದಿತು. ಕ್ಲಿಫರ್ಡನು ಅವರ ಚಿತ್ರವನ್ನು ಬರೆದನು. ಚಿತ್ರಗಾರನು ಅಷ್ಟಿಷ್ಟು ಅಂದಗೊಳಿಸಿದ್ದರೂ ತಮ್ಮ ಮುಖವು ಇಷ್ಟು ಕೆಟ್ಟುಹೋಗಿರುವುದು ತಮಗೆ ತಿಳಿಯದೆಂದು ಡೇಮಿಯನ್ನರು ಅಂದರಂತೆ.

ಕೊನೆಗಾಲದಲ್ಲಿ ಅವರು ಒಂಟಿಯಾಗಿರಲಿಲ್ಲ. ರೋಗದ ಸುದ್ದಿಯೇ ಜನರನ್ನು ಅಲ್ಲಿಗೆ ಎಳೆಯಿತು. ಜೋಸೆಫ್ ಡಟನ್ ಎಂಬ ಅಮೆರಿಕದವನು ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದವನು. ಆಮೇಲೆ ಕುಡಿತದಲ್ಲಿ ವರ್ಷಗಳನ್ನು ಹಾಳುಮಾಡಿಕೊಂಡು, ಎಚ್ಚತ್ತು, ಪ್ರಾಯಶ್ಚಿತ್ತಕ್ಕಾಗಿ ಒಂದು ಕೆಲಸವನ್ನು ಹುಡುಕುತ್ತಿದ್ದವನು. ಡೇಮಿಯನ್ನರ ವಿಷಯವನ್ನು ಓದಿ 1886ರ ಜುಲೈಯಲ್ಲಿ ಮೊಲೊಕಾಯಿಗೆ ಬಂದನು. ಆತನು ಅಲ್ಲಿದ್ದುದು ಒಂದೆರಡು ವರ್ಷವಲ್ಲ, 44 ವರ್ಷ. 1908ರಲ್ಲಿ ಅಮೆರಿಕದ ಯುದ್ಧನೌಕೆಗಳ ಮಹಾಪಂಕ್ತಿಯು ಭೂಪ್ರದಕ್ಷಿಣೆ ಮಾಡುತ್ತಿದ್ದಾಗ, ಈ ಹಳೆಯ ಸಿಪಾಯಿಗೆ ಗೌರವವನ್ನು ಸಲ್ಲಿಸುವುದಕ್ಕಾಗಿ ಅಧ್ಯಕ್ಷ ರೂಸ್‌ವೆಲ್ಟನ ಆಜ್ಞೆಯಿಂದ ಮೊಲೊಕಾಯಿಯ ತೀರವನ್ನು ಹಾದುಹೋಯಿತು. ಮದರ್ ಮೇರಿಯನ್ ಕೋಪ್ ಎಂಬಾಕೆಯು ಅಮೆರಿಕದ ಸಿರಕ್ಯೂಸಿನಿಂದ 1883ರಲ್ಲಿಯೇ ಆರು ಮಂದಿ ಸೋದರಿಯರೊಡನೆ ಹೊನೊಲುಲುವಿಗೆ ಬಂದಿದ್ದಳು. ಹವಾಯಿ ಸರ್ಕಾರದ ಪರವಾಗಿ ಐವತ್ತಕ್ಕೂ ಹೆಚ್ಚು ಮಠಗಳನ್ನು ಬೇಡಿದ ಮೇಲೆ ಒಪ್ಪಿದವಳು ಈಕೆಯೊಬ್ಬಳೇ. 1888ರ ನವೆಂಬರಿನಲ್ಲಿ ಆಕೆಯು ಮೊಲೊಕಾಯಿಗೆ ಬಂದಳು. 1918ರಲ್ಲಿ ಅಲ್ಲಿಯೇ ತೀರಿಕೊಂಡಳು. ಡಟನ್ನನಿಗಾಗಲಿ ಈ ಸೋದರಿಯರಲ್ಲಿ ಯಾರಿಗಾಗಲಿ ರೋಗವು ತಗುಲಲಿಲ್ಲ. ಮನುಷ್ಯರಲ್ಲಿ ಬಹುಪಾಲಿಗೆ ಈ ಸೂಕ್ಷ್ಮಜೀವಿಯನ್ನು ತಡೆಯುವ ಶಕ್ತಿಯು ಸಹಜವಾಗಿಯೇ ಇದೆಯೆಂದು ಈಗ ಗೊತ್ತಾಗಿದೆ. ಆದರೆ ಅವರು ಹೊರಟಾಗ ಇದು ಗೊತ್ತಿರಲಿಲ್ಲ. ಡೇಮಿಯನ್ನರ ಮುಖವೇ ಕಣ್ಣೆದುರಿಗಿದ್ದಿತು.

1889ರ ಮಾರ್ಚಿಯ ಕೊನೆಯಲ್ಲಿ ಅವರು ಹಾಸಿಗೆ ಹಿಡಿದರು. ಈಸ್ಟರ್ ಹಬ್ಬವನ್ನು ಮೇಲೆ ಹೋಗಿ ಆಚರಿಸುವೆನೆಂದು ಹೇಳಿದರು. ಆ ವರ್ಷ ಈಸ್ಟರ್ ಬಿದ್ದದ್ದು ಏಪ್ರಿಲ್ 21ಕ್ಕೆ. ಅವರು 15ನೆಯ ತಾರೀಖು ಸೋಮವಾರ ಬೆಳಗ್ಗೆ ಪ್ರಾಣಬಿಟ್ಟರು. ವಯಸ್ಸು 49. ಮೊದಲ ರಾತ್ರಿಗಳಲ್ಲಿ ನೆರಳು ಕೊಟ್ಟ ಮರದ ಬುಡದಲ್ಲಿಯೇ ಅವರನ್ನು ಹೂಳಿದರು.

ಸತ್ತ ಮೇಲೂ ಅವರಿಗೆ ವಿಶ್ರಾಂತಿಯಿಲ್ಲವಾಯಿತು. ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿಯಾದ ಡಾಕ್ಟರ್ ಹೈಡ್ ಎಂಬವನು, ಡೇಮಿಯನ್ನರು ಕೊಳಕರು, ಹಟಮಾರಿಗಳು, ನಡತೆಗೆಟ್ಟವರು, ರೋಗವೂ ಆ ನಡತೆಯ ಫಲವೇ ಎಂದು ಸ್ನೇಹಿತನಿಗೆ ಬರೆದ ಪತ್ರವು ಅಚ್ಚಾಯಿತು. ಇದಕ್ಕೆ ಉತ್ತರ ಕೊಟ್ಟವನು ಕಥೋಲಿಕನಲ್ಲ. ಪ್ರೆಸ್ಬಿಟೀರಿಯನ್ ಮನೆಯಲ್ಲಿ ಬೆಳೆದ, ಬಾಲ್ಯದಿಂದಲೂ ಶ್ವಾಸಕೋಶದ ಬೇನೆಯಿಂದ ನರಳುತ್ತಿದ್ದ, ಆರೋಗ್ಯಕ್ಕಾಗಿ ದಕ್ಷಿಣ ಸಮುದ್ರಗಳಲ್ಲಿ ಅಲೆಯುತ್ತಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನನು. ಅವನು ಡೇಮಿಯನ್ನರು ತೀರಿದ ಮರುತಿಂಗಳೇ ಮೊಲೊಕಾಯಿಗೆ ಹೋಗಿ ಕೆಲವು ದಿನಗಳಿದ್ದು, ಅವರನ್ನು ಮೆಚ್ಚದವರನ್ನೂ ವಿಚಾರಿಸಿ ಬಂದಿದ್ದನು. 1890ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಅವನು ಬರೆದ ಬಹಿರಂಗ ಪತ್ರವು ಇಂಗ್ಲಿಷ್ ಗದ್ಯದಲ್ಲಿ ಪ್ರಸಿದ್ಧವಾದುದು. ಅದರಲ್ಲಿ ನಮಗೆ ಮುಖ್ಯವೆಂದು ತೋರುವುದು ಕೋಪವಲ್ಲ, ಒಪ್ಪಿಗೆ. ಡೇಮಿಯನ್ನರು ಒರಟರೆಂಬುದನ್ನೂ, ಅವಿವೇಕಿಗಳೆಂಬುದನ್ನೂ, ತಮ್ಮ ಮಾತೇ ನಡೆಯಬೇಕೆನ್ನುವವರೆಂಬುದನ್ನೂ, ಶುಚಿತ್ವದಲ್ಲಿ ಅಲಕ್ಷ್ಯವುಳ್ಳವರೆಂಬುದನ್ನೂ ಸ್ಟೀವನ್‌ಸನ್ನನು ಮುಚ್ಚಲಿಲ್ಲ; ನಡತೆಯ ಮೇಲಣ ಆರೋಪವನ್ನು ಮಾತ್ರ ತಿರಸ್ಕರಿಸಿದನು. ಇಷ್ಟೆಲ್ಲ ಕುಂದುಗಳುಳ್ಳ ಒಬ್ಬ ರೈತನು ಹೋದ ಸ್ಥಳಕ್ಕೆ, ಕುಂದಿಲ್ಲದ ನೀವು ಹೋಗಲಿಲ್ಲವಲ್ಲ ಎಂಬುದೇ ಅವನ ವಾದದ ಸಾರ.

ಈ ಮರಣವು ಭಾರತದ ಮೇಲೆಯೂ ತನ್ನ ನೆರಳನ್ನು ಚಾಚಿತು. ಅದೇ 1889ರಲ್ಲಿ ಲಂಡನ್ನಿನಲ್ಲಿ ವೇಲ್ಸಿನ ರಾಜಕುಮಾರನ ಅಧ್ಯಕ್ಷತೆಯಲ್ಲಿ, ಡೇಮಿಯನ್ನರ ಸ್ಮಾರಕವಾಗಿ, ಕುಷ್ಠರೋಗ ನಿಧಿಯೊಂದು ಏರ್ಪಟ್ಟಿತು. ಅದರ ಹಣದಿಂದ 1890–91ರಲ್ಲಿ ಒಂದು ಆಯೋಗವು ನಮ್ಮ ದೇಶವನ್ನು ಸುತ್ತಿ ರೋಗದ ಸ್ವರೂಪವನ್ನು ವಿಚಾರಿಸಿತು. ರೋಗವು ಅಂಟುವ ಭಯವು ಅತ್ಯಲ್ಪವೆಂದೂ, ರೋಗಿಗಳನ್ನು ಬಲವಂತದಿಂದ ಬೇರ್ಪಡಿಸುವುದಕ್ಕೆ ಆಧಾರ ಸಾಲದೆಂದೂ ಆಯೋಗದವರು ಅಭಿಪ್ರಾಯಪಟ್ಟರು. ಲಂಡನ್ನಿನ ಹಿರಿಯರಿಗೆ ಇದು ರುಚಿಸಲಿಲ್ಲ. ಬಿಳಿಯ ಪಾದ್ರಿಯೊಬ್ಬರು ಕುಷ್ಠದಿಂದ ಸತ್ತರೆಂಬ ಸುದ್ದಿಯು ಕೆಲವರಲ್ಲಿ ಕರುಣೆಯನ್ನು ಎಬ್ಬಿಸಿದಂತೆ ಅನೇಕರಲ್ಲಿ ದಿಗಿಲನ್ನೂ ಎಬ್ಬಿಸಿದ್ದಿತು. 1898ರಲ್ಲಿ ಭಾರತ ಸರ್ಕಾರವು ಕುಷ್ಠರೋಗಿಗಳ ಕಾಯಿದೆಯನ್ನು ಮಾಡಿತು. ಬೀದಿಯಲ್ಲಿ ಅಲೆಯುವ ಬಡ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿಡಲು ಅದು ಅಧಿಕಾರ ಕೊಟ್ಟಿತು. ‘ನಾವು’ ಎಂದವರ ಹೆಸರಿನಲ್ಲಿ ಎದ್ದ ಗದ್ದಲವು ‘ಅವರು’ ಎಂದು ಬೆರಳು ತೋರುವ ಕಾಯಿದೆಗೂ ದಾರಿಮಾಡಿಕೊಟ್ಟಿತೆಂಬುದು ಅವರ ಭಕ್ತರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿ. ನಾವು ಅದನ್ನು ಬಿಡಲಾರೆವು.

ಔಷಧದ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸೋಣ. ಸುಶ್ರುತಸಂಹಿತೆಯು ಹೊಗಳಿದ ತುವರಕದ ಎಣ್ಣೆ, ಮತ್ತು ಅದೇ ಜಾತಿಯ ಚಾಲ್ಮೂಗ್ರ ಎಣ್ಣೆ, ಬಹುಕಾಲದವರೆಗೆ ವೈದ್ಯರಿಗೆ ಆಸರೆಯಾಗಿದ್ದುವು. ತುವರಕದ ಮರವು ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯತಕ್ಕದ್ದು. ಚಾಲ್ಮೂಗ್ರ ಎಣ್ಣೆಯನ್ನು ಚುಚ್ಚಿ ಕೊಡಲು ಅನುಕೂಲವಾಗುವಂತೆ ಮಾರ್ಪಡಿಸಿದ್ದು 1915ರ ಸುಮಾರಿನಲ್ಲಿ, ಹವಾಯಿಯಲ್ಲಿಯೇ, ಆಲಿಸ್ ಬಾಲ್ ಎಂಬ ನೀಗ್ರೋ ಯುವತಿ. 1941ರಲ್ಲಿ ಅಮೆರಿಕದ ಕಾರ್ವಿಲ್ಲಿನಲ್ಲಿ ಸಲ್ಫೋನ್ ಜಾತಿಯ ಔಷಧಗಳ ಪ್ರಯೋಗವು ಪ್ರಾರಂಭವಾಗಿ, 1946ರಲ್ಲಿ ಮೊಲೊಕಾಯಿಯನ್ನು ಮುಟ್ಟಿತು. 1981ರಿಂದೀಚೆಗೆ ಕೆಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ನಡೆದುಬಂದಿದೆ. ಅದರಿಂದ ರೋಗವು ಪೂರ್ತಿಯಾಗಿ ವಾಸಿಯಾಗುತ್ತದೆ.

1969ರಲ್ಲಿ ಕಾಯಿದೆಯು ರದ್ದಾದಾಗ ಮೊಲೊಕಾಯಿಯ ರೋಗಿಗಳಿಗೆ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯವು ಬಂದಿತು. ಹಲವರು ಹೋಗಲಿಲ್ಲ, ಬೇರೆ ಮನೆಯು ಅವರಿಗೆ ಉಳಿದಿರಲಿಲ್ಲ. ಡೇಮಿಯನ್ನರು ಮಾತ್ರ ಅಷ್ಟರಲ್ಲಿ ಅಲ್ಲಿರಲಿಲ್ಲ. 1936ರಲ್ಲಿ ಬೆಲ್ಜಿಯಮ್ ಸರ್ಕಾರವು ಕೇಳಿದ ಮೇರೆಗೆ ಅವರ ಅಸ್ಥಿಗಳನ್ನು ತೆಗೆದು ಲೂವೆನ್ ಪಟ್ಟಣಕ್ಕೆ ಒಯ್ದಿದ್ದರು. ದ್ವೀಪದ ರೋಗಿಗಳಿಗೆ ಇದು ನುಂಗಲಾರದ ದುಃಖವಾಗಿದ್ದಿತು. ಪೋಪರು 1995ರಲ್ಲಿ ಅವರನ್ನು ಧನ್ಯರೆಂದು ಸಾರಿದಾಗ, ಅವರ ಬಲಗೈಯ ಅಸ್ಥಿಗಳನ್ನು ಮೊಲೊಕಾಯಿಗೆ ಹಿಂದಕ್ಕೆ ಕೊಟ್ಟರು. 2009ರ ಅಕ್ಟೋಬರ್ 11ರಂದು ರೋಮಿನಲ್ಲಿ ಸಂತಪದವಿಯನ್ನು ಘೋಷಿಸಿದ ದಿವಸ ದ್ವೀಪದ ಹಳೆಯ ರೋಗಿಗಳಲ್ಲಿ ಕೆಲವರು, ವಯಸ್ಸಾಗಿದ್ದರೂ, ಅಷ್ಟು ದೂರ ಪ್ರಯಾಣಮಾಡಿ ಅಲ್ಲಿಗೆ ಹೋಗಿದ್ದರು. ಬಲಗೈಯು ಫಿಲೊಮಿನಾ ದೇವಾಲಯದ ಪಕ್ಕದಲ್ಲಿ, ಮೊದಲು ಹೂಳಿದ ಆ ಗುಂಡಿಯಲ್ಲಿಯೇ ಇದೆ.